ಮೂರ್ಛೆರೋಗ, ಸ್ಕ್ಯಾನ್ ಮತ್ತು ನಮ್ಮ ಸಂಕೋಚ

(ಶಹಾಬಾದಿನಲ್ಲಿ ಜರಗಿದ ಕುಟುಂಬ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಆರೋಗ್ಯವಾಗಿದ್ದ ಹುಡುಗನೊಬ್ಬ ಶಾಲೆಯಲ್ಲಿ ಹಠಾತ್ತನೆ ನೆಲಕ್ಕುರುಳುತ್ತಾನೆ. ಕೈಕಾಲು ಸೆಟೆಯುತ್ತವೆ, ಬಾಯಲ್ಲಿ ನೊರೆ ಬರುತ್ತದೆ. ನೆರೆದವರು ಅವನ ಮುಷ್ಟಿಗೆ ಬೀಗದ ಕೈ ತುರುಕುತ್ತಾರೆ, ಚಪ್ಪಲಿ ಮೂಸಿಸುತ್ತಾರೆ. ಮನೆಯವರು ಮೊದಲು ಓಡುವುದು ತಾಯತದ ಕಡೆಗೆ. ವೈದ್ಯರ ಸರದಿ ಬರುವುದು ಆಮೇಲೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಯಾವ ಊರಿಗೂ ಈ ದೃಶ್ಯ ಅಪರಿಚಿತವಲ್ಲ. ಕೊನೆಗೆ ಕಲಬುರಗಿಗೋ ಹೈದರಾಬಾದಿಗೋ ಹೋಗಿ ಸಿ.ಟಿ. ಸ್ಕ್ಯಾನ್ ಮಾಡಿಸಿದರೆ ಮೆದುಳಿನಲ್ಲಿ ಬಟಾಣಿ ಕಾಳಿನಷ್ಟು ಉಂಗುರವೊಂದು ಕಾಣಿಸುತ್ತದೆ. ‘ಇದು ಹಂದಿಯ ಲಾಡಿಹುಳುವಿನ ಮರಿ’ ಎನ್ನುತ್ತಾರೆ ವೈದ್ಯರು.

ನಮ್ಮ ಮನೆಗಳಲ್ಲಿ ಇನ್ನೊಂದು ಸಂಕಟ ಆರಂಭವಾಗುವುದು ಇಲ್ಲಿಂದಲೇ. ತಂದೆಗೆ ಅವಮಾನ, ತಾಯಿಗೆ ಕಣ್ಣೀರು. ಹುಡುಗ ಹೊರಗೆಲ್ಲಿ ಏನು ತಿಂದನೆಂಬ ವಿಚಾರಣೆ. ವರದಿ ಪೆಟ್ಟಿಗೆಯ ತಳ ಸೇರುತ್ತದೆ, ಔಷಧ ಅರ್ಧಕ್ಕೆ ನಿಲ್ಲುತ್ತದೆ. ಆ ಹುಡುಗ ನಿರಪರಾಧಿ ಎಂದು ಹೇಳುವುದಕ್ಕಾಗಿಯೇ ನಾನಿಂದು ನಿಮ್ಮ ಮುಂದೆ ನಿಂತಿದ್ದೇನೆ.

ಸರಿಯಾಗಿ ಬೇಯದ ಹಂದಿಮಾಂಸ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಆತನ ಮಲದೊಂದಿಗೆ ಹೊರಬೀಳುತ್ತವೆ. ಚರಂಡಿಯ ನೀರು ಹರಿದ ಹೊಲದ ಕೊತ್ತಂಬರಿ, ಗಜ್ಜರಿ, ಸೌತೆಕಾಯಿ, ತೊಳೆಯದ ಕೈ, ಕಲುಷಿತ ನೀರು - ಇವುಗಳ ಮೂಲಕ ಆ ಮೊಟ್ಟೆ ಯಾರ ಹೊಟ್ಟೆಗೆ ಸೇರಿದರೂ ಅದರಿಂದ ಹೊರಬಂದ ಮರಿಯು ರಕ್ತದೊಂದಿಗೆ ಮೆದುಳನ್ನು ತಲುಪಬಲ್ಲದು. ಅಂದರೆ ಮೆದುಳಿನ ಈ ಕಾಯಿಲೆ ಬರುವುದು ಮಾಂಸದಿಂದಲ್ಲ, ಮಲದಿಂದ. ಸಸ್ಯಾಹಾರಿಗಳಿಗೂ ಬರುತ್ತದೆ. ಹಂದಿಮಾಂಸವನ್ನು ನಮ್ಮಂತೆಯೇ ನಿಷಿದ್ಧವೆಂದು ಭಾವಿಸುವ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಇದೇ ರೋಗ ಪತ್ತೆಯಾದುದನ್ನು ಅಮೇರಿಕದ ವೈದ್ಯಕೀಯ ಪತ್ರಿಕೆಯೊಂದು 1992ರಲ್ಲಿ ಪ್ರಕಟಿಸಿತು.

ನಮ್ಮ ದೇಶದಲ್ಲಿ ಬಹುಕಾಲ ವೈದ್ಯರೂ ಈ ಉಂಗುರವನ್ನು ತಪ್ಪಾಗಿ ಓದುತ್ತಿದ್ದರು. ಕ್ಷಯದ ಗಡ್ಡೆಯೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡಲಾಗುತ್ತಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾ. ಚಾಂಡಿ, ಡಾ. ರಾಜಶೇಖರ್ ಮತ್ತು ಸಂಗಡಿಗರು ಶಸ್ತ್ರಕ್ರಿಯೆಯಿಂದ ತೆಗೆದ ಇಂತಹ ಗಂಟುಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಹೆಚ್ಚಿನವು ಲಾಡಿಹುಳುವಿನ ಮರಿಗಳೆಂದು 1989ರಲ್ಲಿ ತೋರಿಸಿಕೊಟ್ಟರು. ಉಂಗುರವು 20 ಮಿಲಿಮೀಟರಿಗಿಂತ ಚಿಕ್ಕದಾಗಿದ್ದು, ಮೆದುಳನ್ನು ಪಕ್ಕಕ್ಕೆ ಸರಿಸದಿದ್ದು, ರೋಗಿಗೆ ಹೆಚ್ಚುತ್ತಲೇ ಹೋಗುವ ನಿಶ್ಶಕ್ತಿಯಿಲ್ಲದಿದ್ದರೆ ಅದು ಹುಳುವಿನ ಮರಿಯಾಗಿರುವ ಸಾಧ್ಯತೆಯೇ ಅಧಿಕ. ಇದರಿಂದಾಗಿ ಅನೇಕರ ತಲೆಬುರುಡೆ ತೆರೆಯುವುದು ತಪ್ಪಿತು.

‘ಸಿ.ಟಿ. ಆದ ಮೇಲೆ ಎಂ.ಆರ್.ಐ. ಯಾಕೆ, ಹಣ ಕೀಳುವುದಕ್ಕೋ?’ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಅನಗತ್ಯ ಪರೀಕ್ಷೆಗಳಿಲ್ಲವೆಂದು ನಾನು ವಾದಿಸಲಾರೆ. ಆದರೆ ಎರಡರ ಕೆಲಸ ಬೇರೆ. ಸಿ.ಟಿ.ಯು ಕ್ಷಕಿರಣದಿಂದ ಮೆದುಳನ್ನು ಪದರ ಪದರವಾಗಿ ತೋರಿಸುತ್ತದೆ. ಸತ್ತು ಸುಣ್ಣಗಟ್ಟಿದ ಮರಿ ಅದರಲ್ಲಿ ಬಿಳಿ ಚುಕ್ಕೆಯಾಗಿ ನಿಚ್ಚಳವಾಗಿ ಕಾಣುತ್ತದೆ. ಎಂ.ಆರ್.ಐ.ಯಲ್ಲಿ ಕ್ಷಕಿರಣವಿಲ್ಲ, ಕಾಂತಶಕ್ತಿಯಿದೆ. ಗುಳ್ಳೆಯೊಳಗಿನ ಹುಳುವಿನ ತಲೆಯನ್ನೂ, ಸಿ.ಟಿ.ಗೆ ಸಿಗದ ಮೂಲೆಗಳಲ್ಲಿ ಅಡಗಿದ ಗುಳ್ಳೆಗಳನ್ನೂ ಅದು ಚೆನ್ನಾಗಿ ತೋರಿಸುತ್ತದೆ. ಆದುದರಿಂದ ವೈದ್ಯರನ್ನು ಕೇಳಬೇಕಾದುದು ಇಷ್ಟೇ: ಮೊದಲ ಚಿತ್ರದಲ್ಲಿ ಯಾವ ಸಂಶಯ ಉಳಿದಿದೆ? ಹಾಗೆ ಕೇಳುವುದು ಅಗೌರವವಲ್ಲ.

ಹುಳುವಿನ ಮಾತ್ರೆಯಲ್ಲವೇ ಎಂದು ಮೆಡಿಕಲ್ ಶಾಪಿನಿಂದ ನೀವೇ ಆಲ್ಬೆಂಡಜೋಲ್ ತಂದು ನುಂಗಿಸಬೇಡಿ. ಮೆದುಳಿನಲ್ಲಿ ಗುಳ್ಳೆಗಳು ಬಹಳವಿದ್ದರೆ ಅವು ಒಮ್ಮೆಲೇ ಸಾಯುವಾಗ ಮೆದುಳು ಊದಿಕೊಂಡು ಪ್ರಾಣಕ್ಕೇ ಅಪಾಯ. ಕಣ್ಣಿನಲ್ಲಿ ಮರಿ ಇದೆಯೇ ಎಂದೂ ಮೊದಲು ನೋಡಬೇಕು. ಒಂಟಿ ಉಂಗುರವಾದರೆ ಅನೇಕ ವೇಳೆ ಕೆಲವು ತಿಂಗಳುಗಳಲ್ಲಿ ತಾನಾಗಿಯೇ ಕರಗುತ್ತದೆ. ಆದರೂ ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳುವ ತನಕ ನಿಲ್ಲಿಸಕೂಡದು. ಹೆಣ್ಣುಮಕ್ಕಳ ವಿಷಯದಲ್ಲಿಯೇ ನಾವು ಹೆಚ್ಚು ತಪ್ಪುವುದು. ಸಂಬಂಧ ನೋಡಲು ಬಂದವರ ಕಣ್ಣಿಗೆ ಮಾತ್ರೆ ಬೀಳಬಾರದೆಂದು ಚಿಕಿತ್ಸೆಯನ್ನೇ ಕೈಬಿಟ್ಟರೆ ನಿಖಾಹ್‌ನ ದಿನವೇ ಆಕೆ ಕುಸಿದು ಬೀಳಬಹುದು.

ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ. ಲಾಡಿಹುಳು ಇರುವವನಿಗೆ ಬಹುಧಾ ಯಾವ ತೊಂದರೆಯೂ ತೋರುವುದಿಲ್ಲ. ಮನೆಗೆಲಸದವಳ ಮೇಲೆ ಗೂಬೆ ಕೂರಿಸಬೇಡಿ. ಪುರಸಭೆಗೆ ಅರ್ಜಿ ಕೊಡುವಾಗ ತೆರೆದ ಚರಂಡಿಯನ್ನೂ ಅದರಲ್ಲಿ ಅಲೆಯುವ ಹಂದಿಗಳನ್ನೂ ಬರೆಯಿರಿ, ಜೊತೆಗೆ ಶೌಚಾಲಯವಿಲ್ಲದ ಓಣಿಗಳನ್ನೂ ಬರೆಯಿರಿ; ಹಂದಿಗೆ ಹುಳು ತಗಲುವುದು ಮನುಷ್ಯನ ಮಲದಿಂದ.

ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಆ ಫಿಲ್ಮನ್ನು ಹೊರತೆಗೆದು ಒಣಗಿದ ಜಾಗದಲ್ಲಿ ಜೋಪಾನವಾಗಿಡಿ. ಮುಂದಿನ ಸ್ಕ್ಯಾನಿಗೆ ಹೋಗುವಾಗ ಅದನ್ನು ಕೊಂಡೊಯ್ಯಲೇಬೇಕು. ಉಂಗುರ ಕರಗಿದೆಯೇ ಇಲ್ಲವೇ ಎಂಬುದನ್ನು ವೈದ್ಯರು ಹೇಳಬೇಕಾದುದು ಎರಡನ್ನೂ ಅಕ್ಕಪಕ್ಕ ಹಿಡಿದು ನೋಡಿಯೇ.