ಸತ್ತವನ ಹೊಸ ಮೈ, ದಾಳದ ಕೈಯಲ್ಲಿ

(ಓದುಗರ ಕೂಟವೊಂದರಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಬರಹರೂಪ)



ಪುನರ್ಜನ್ಮದ ಬಗ್ಗೆ ಮಾತನಾಡಲು ಸ್ವಾಮೀಜಿಗಳನ್ನು ಬಿಟ್ಟು ವರದಿಗಾರನೊಬ್ಬನನ್ನು ಕರೆದಿದ್ದೀರಿ. ಹೆದರಬೇಡಿ, ನಾನು ಹೇಳಹೊರಟಿರುವುದು ಆಟದೊಳಗಿನ ಪುನರ್ಜನ್ಮದ ಮಾತು. ಒಮ್ಮೆ ಅಲ್ಲಿ ಸತ್ತು ಮತ್ತೆ ಹುಟ್ಟಿದ್ದೇನೆ. ಅದೊಂದೇ ನನ್ನ ಅರ್ಹತೆ.

1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟ ಹೊರಬಂತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಅರ್ನೆಸನ್ ಇದನ್ನು ರೂಪಿಸಿದವರು. ಮೇಜಿನ ಸುತ್ತ ನಾಲ್ಕೈದು ಮಂದಿ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬಾಯಿಮಾತಿನಲ್ಲೇ ಸಾಹಸದ ಕಥೆ ಕಟ್ಟುತ್ತಾರೆ. ಕಥೆ ನಡೆಸುವ ಸೂತ್ರಧಾರನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಕತ್ತಿಯೇಟು ತಗುಲಿತೋ ತಪ್ಪಿತೋ ಎಂಬುದನ್ನು ದಾಳ ಹೇಳುತ್ತದೆ.

ತಿಂಗಳುಗಟ್ಟಲೆ ಬೆಳೆಸಿದ ಪಾತ್ರ ಸತ್ತುಹೋದರೆ ಆಟಗಾರ ಏನು ಮಾಡಬೇಕು? ಎದ್ದು ಮನೆಗೆ ಹೋಗಬೇಕೇ? ಅದಕ್ಕೆಂದೇ ನಿಯಮಪುಸ್ತಕದಲ್ಲಿ ಸತ್ತವರನ್ನು ಎಬ್ಬಿಸುವ ಮಂತ್ರಗಳಿವೆ. ಕ್ಲೆರಿಕ್ ಎಂಬ ಪುರೋಹಿತ ಹಳೆಯ ದೇಹಕ್ಕೇ ಜೀವ ಮರಳಿಸುತ್ತಾನೆ. ಕಾಡಿನ ಆರಾಧಕನಾದ ಡ್ರುಯಿಡ್‌ನ ದಾರಿ ಬೇರೆ. ಅವನು ಹೊಸ ದೇಹವೊಂದನ್ನು ಸೃಷ್ಟಿಸಿ, ಆತ್ಮವನ್ನು ಅದರೊಳಕ್ಕೆ ಕರೆಯುತ್ತಾನೆ.

2014ರ ನಿಯಮದ ಪ್ರಕಾರ ಸತ್ತು ಹತ್ತು ದಿನ ಮೀರಿರಬಾರದು. ಇಡೀ ಶವ ಬೇಕಿಲ್ಲ, ಅದರದೊಂದು ತುಣುಕು ಸಾಕು. 1000 ಚಿನ್ನದ ನಾಣ್ಯ ಬೆಲೆಬಾಳುವ ಅಪರೂಪದ ತೈಲ, ಲೇಪಗಳು ಖರ್ಚಾಗುತ್ತವೆ. ಮಂತ್ರಕ್ಕೆ ಒಂದು ಗಂಟೆ ಹಿಡಿಯುತ್ತದೆ. ಆತ್ಮಕ್ಕೆ ಮರಳುವ ಇಷ್ಟವಿರಬೇಕು, ಇಲ್ಲದಿದ್ದರೆ ಅಷ್ಟೂ ತೈಲ ವ್ಯರ್ಥ. ಬಳಿಕ ಒಂದರಿಂದ ನೂರರವರೆಗಿನ ಅಂಕಿ ಬೀಳುವಂತೆ ದಾಳ ಹಾಕಿ, ಪಟ್ಟಿ ನೋಡಬೇಕು. ನೂರರಲ್ಲಿ ಇಪ್ಪತ್ತು ಪಾಲು ಮನುಷ್ಯ ಜನ್ಮ. ಉಳಿದದ್ದು ಎಲ್ಫ್, ಡ್ವಾರ್ಫ್, ನೋಮ್ ಮೊದಲಾದ ಕುಲಗಳಿಗೆ ಹಂಚಿಕೆ.

ನನ್ನ ಪಾತ್ರ ಆರಡಿಯ ಯೋಧ. ಎರಡು ಕೈಯಲ್ಲಿ ಬೀಸುವ ಭಾರೀ ಕತ್ತಿ ಅವನ ಹೆಮ್ಮೆ. ಸತ್ತ. ಗೆಳೆಯನ ಡ್ರುಯಿಡ್ ಮಂತ್ರ ಹಾಕಿದ. ಬಿದ್ದ ಗರ 65. ಮೂರಡಿಯ ಹಾಫ್ಲಿಂಗ್! ಮೇಜಿನ ಸುತ್ತ ನಗುವೋ ನಗು. ನನಗೆ ಮಾತ್ರ ನಗು ಬರಲಿಲ್ಲ. ಆ ನಿಯಮದಲ್ಲಿ ಪುಟ್ಟ ಮೈಯವರು ಭಾರೀ ಆಯುಧ ಬೀಸಿದರೆ ಎರಡು ಬಾರಿ ದಾಳ ಹಾಕಿ, ಕಡಿಮೆ ಬಿದ್ದದ್ದನ್ನೇ ಎಣಿಸಬೇಕು. ಕತ್ತಿವಿದ್ಯೆ ಅಷ್ಟೂ ನೆನಪಿದೆ, ಹೆಂಡತಿಮಕ್ಕಳ ನೆನಪಿದೆ, ಕೊಂದವನ ಮುಖವೂ ನೆನಪಿದೆ. ಮೈ ಮಾತ್ರ ನನ್ನದಲ್ಲ. ಊರಿಗೆ ಹೋಗಿ ಬಾಗಿಲು ತಟ್ಟಿದರೆ ಹೆಂಡತಿ ಯಾರೆಂದು ತೆರೆದಾಳು?

ನಮಗೆ ಪರಿಚಿತವಾದ ಪುನರ್ಜನ್ಮ ಇದಕ್ಕೆ ತೀರ ಉಲ್ಟಾ. 13ನೇ ಶತಮಾನದ ಜನ್ನನ ‘ಯಶೋಧರ ಚರಿತೆ’ ನೆನಪಿಸಿಕೊಳ್ಳಿ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ದೊರೆ ನವಿಲಾಗುತ್ತಾನೆ, ತಾಯಿ ನಾಯಾಗುತ್ತಾಳೆ. ಅಲ್ಲಿ ಕರ್ಮ ಮೈಯನ್ನು ಆರಿಸುತ್ತದೆ. ಹಿಂದಿನ ಜನ್ಮ ನೆನಪಾಗುವುದೇ ವಿಶೇಷ, ಅದಕ್ಕೆ ಜಾತಿಸ್ಮರಣೆ ಎಂಬ ಹೆಸರೇ ಇದೆ. ಆಟದಲ್ಲಿ ನೆನಪು ಪುಕ್ಕಟೆ. ಕರ್ಮದ ಜಾಗದಲ್ಲಿ ದಾಳ ಕೂತಿದೆ.

ಮೊದಲು ಹೀಗಿರಲಿಲ್ಲ ಎಂಬುದೇ ಸ್ವಾರಸ್ಯ. 1974ರ ಪುಸ್ತಕದಲ್ಲಿ ಈ ಮಂತ್ರ ಮಾಂತ್ರಿಕನದು. ಸತ್ತವನು ಬದುಕಿದ್ದಾಗ ಶಿಸ್ತು, ತಟಸ್ಥ, ಅರಾಜಕ ಎಂಬ ಮೂರರಲ್ಲಿ ಯಾವ ಪಕ್ಷದವನೋ ಆ ಪಕ್ಷದ ಜೀವಿಗಳ ನಡುವೆಯೇ ದಾಳ ಹಾಕಬೇಕಿತ್ತು. ಬದುಕಿದ ರೀತಿಗೂ ಪಡೆದ ಮೈಗೂ ಒಂದು ನಂಟಿತ್ತು ಎನ್ನಿ. 1978ರ ಆಟಗಾರರ ಕೈಪಿಡಿಯಲ್ಲಿ ಡ್ರುಯಿಡ್‌ನ ಪಟ್ಟಿಗೆ ಕಾಡೇ ನುಗ್ಗಿತು: ನರಿ, ಗೂಬೆ, ಕರಡಿ, ತೋಳ, ಬ್ಯಾಜರ್. ವರ್ಷಗಟ್ಟಲೆ ಆಡಿದವನು ಬ್ಯಾಜರ್ ಆಗಿ ಬಿಲ ತೋಡುತ್ತ ಕೂರಬೇಕೇ? 2014ರ ಪಟ್ಟಿಯಲ್ಲಿ ಪ್ರಾಣಿಗಳೇ ಇಲ್ಲ. 2024ರ ನಿಯಮದಲ್ಲಿ ಹತ್ತು ಮುಖದ ಒಂದೇ ದಾಳ. ಬೇಡವೆನಿಸಿದರೆ ಡಂಜನ್ ಮಾಸ್ಟರ್ ಬೇರೆ ಕುಲವನ್ನೂ ಆರಿಸಬಹುದು. ಪುಣ್ಯಪಾಪದ ಲೆಕ್ಕ ಮತ್ತೆ ಬರಲಿಲ್ಲ. ಆಟಗಾರನನ್ನು ಮೇಜಿನಲ್ಲಿ ಉಳಿಸಿಕೊಳ್ಳುವುದೇ ಮಂತ್ರದ ಕೆಲಸವಾದಾಗ ಶಿಕ್ಷೆಗೆ ಅಲ್ಲೇನು ಕೆಲಸ, ಅಲ್ಲವೇ?

ಆದರೆ ಬ್ಯಾಜರ್ ಹೋದದ್ದು ನನಗೆ ಒಂದಿಷ್ಟು ನಷ್ಟವೆನಿಸುತ್ತದೆ. ಮೂರಡಿಯವನಾಗಿಯೇ ಅಷ್ಟು ಕಸಿವಿಸಿಪಟ್ಟ ನಾನು ನಾಲ್ಕು ಕಾಲಿನವನಾಗಿದ್ದರೆ ನನ್ನ ಯೋಧನ ಬಗ್ಗೆ ಇನ್ನೇನು ತಿಳಿಯುತ್ತಿತ್ತೋ!

ಮುಂದೇನಾಯಿತು ಎಂದಿರಾ? ಹಾಫ್ಲಿಂಗ್ ಕುಲಕ್ಕೊಂದು ಅದೃಷ್ಟದ ವರವಿದೆ: ದಾಳದಲ್ಲಿ 1 ಬಿದ್ದರೆ ಮತ್ತೊಮ್ಮೆ ಹಾಕಬಹುದು. ಗಿಡ್ಡ ಕತ್ತಿಯೊಂದನ್ನು ಕೊಂಡೆ. ಗೆಳೆಯರು ಈಗಲೂ ಹಳೆಯ ಹೆಸರಿನಿಂದಲೇ ಕರೆಯುತ್ತಾರೆ. ಆ ಭಾರೀ ಕತ್ತಿಯನ್ನು ಮಾರಿಬಿಡು ಎಂದು ಪ್ರತಿ ವಾರ ಪೀಡಿಸುತ್ತಾರೆ. ಮಾರಿಲ್ಲ, ಬೆನ್ನಿಗೆ ಕಟ್ಟಿಕೊಂಡೇ ತಿರುಗುತ್ತಿದ್ದೇನೆ.