ಎರಿ ಮಣ್ಣು, ಮಸಾರಿ ಧೂಳು, ಆರ್‌ಸಿ ಕಾರಿನ ಮೋಟಾರು

ಈ ಕಂತಿನ ವಿಷಯ ಕೇಳಿ ಕೆಲವರು ನಗಬಹುದು. ರಿಮೋಟ್ ಕಾರಿನ ಮೋಟಾರಿನೊಳಗ ಧೂಳು ಹೋಗದಂಗ ನೋಡ್ಕೊಳ್ಳೋದು ಹೆಂಗ? ಹುಡುಗ್ರ ಆಟದ ಸಾಮಾನು, ಅದಕ್ಕೊಂದು ಕಂತು ಬೇಕಾ ಅನಬ್ಯಾಡ್ರಿ.

ಲಕ್ಷ್ಮೇಶ್ವರದಾಗ ನನಗ ಪರಿಚಯದ ಒಬ್ಬ ಹುಡುಗ ಅದಾನ. ಆರು ಆರ್‌ಸಿ ಕಾರು ಇಟ್ಕೊಂಡು ಜಾತ್ರಿಗೆ ಹೋಗ್ತಾನ. ಶಿರಹಟ್ಟಿ ಫಕೀರೇಶ್ವರ ಜಾತ್ರಿ, ಮುಂಡರಗಿ ಅನ್ನದಾನೀಶ್ವರ ಜಾತ್ರಿ, ಗದಗಿನ ತೋಂಟದಾರ್ಯ ಜಾತ್ರಿ. ಹಗ್ಗ ಕಟ್ಟಿ ಟ್ರ್ಯಾಕ್ ಮಾಡಿ, ಐದು ನಿಮಿಷಕ್ಕ 40 ರೂಪಾಯಿ ತಗೊಂಡು ಮಕ್ಕಳ ಕೈಗೆ ರಿಮೋಟ್ ಕೊಡ್ತಾನ. ಮನಿಯಾಗ ತಾಯಿ, ತಂಗಿ. ವರ್ಷದ ದುಡಿಮಿ ಹೆಚ್ಚಿನ ಪಾಲು ಈ ಜಾತ್ರಿ ದಿನದಾಗನ ಬರಬೇಕು.

ನಾನು ಬಿ.ಕಾಂ. ಓದಿದವ, ಮೊದಲು ಲೆಕ್ಕ ಕೇಳಿದೆ. ಒಂದು ಜಾತ್ರಿಗೆ ಮೂರು ಮೋಟಾರು ಹೋಗ್ತಿದ್ದವು. ಒಂದಕ್ಕ 550 ರೂಪಾಯಿ, ಮೂರಕ್ಕ 1,650. ಅಂದ್ರ 42 ಆಟದ ರೊಕ್ಕ ಬರೇ ಮೋಟಾರಿಗೆ. ಕಾರು ನಿಂತ ಹೊತ್ತಿನ ನಷ್ಟ ಬ್ಯಾರೆ. ಆತ ಅದನ್ನ ಖರ್ಚು ಅಂತ ಎಲ್ಲೂ ಬರೆದಿದ್ದಿಲ್ಲ, "ನಸೀಬು ರೀ" ಅಂತಿದ್ದ. ನಸೀಬಲ್ಲ ಅದು, ಮಣ್ಣು.

ನಮ್ಮ ಗದಗ ಜಿಲ್ಲೆಯಾಗ ಮುಖ್ಯವಾಗಿ ಎರಡು ನಮೂನಿ ಮಣ್ಣು. ಒಂದು ಎರಿ. ಹತ್ತಿ, ಕಡ್ಲಿ ಬೆಳೆಯೋ ಕಪ್ಪು ನೆಲ. ಬ್ಯಾಸಿಗಿಯಾಗ ಬಿರುಕು ಬಿಟ್ಟು, ಎತ್ತು ಗಾಡಿ ತುಳಿದು ಹಿಟ್ಟಾಗ್ತದ. ಜೇಡಿ ಮಣ್ಣಿನ ಕಣ ಅಂದ್ರ ಒಂದು ಮಿಲಿಮೀಟರಿನ ಐನೂರನೇ ಭಾಗಕ್ಕಿಂತ ಸಣ್ಣದು. ಮೋಟಾರಿನ ಗಾಳಿ ಕಿಂಡಿಯಾಗ ಆರಾಮ ನುಗ್ಗಿ, ಎಣ್ಣಿ ಜೋಡಿ ಕೂಡಿ ಲೇಪ ಆಗಿ ಕೂಡ್ತದ. ಇನ್ನೊಂದು ಮಸಾರಿ, ಕೆಂಪು ಮಣ್ಣು. ಕಪ್ಪತಗುಡ್ಡದ ಬುಡಕ್ಕ, ಶಿರಹಟ್ಟಿ ಮುಂಡರಗಿ ಕಡೆ ಇದು ಭಾಳ. ಇದರಾಗ ಉಸುಕು ಐತಿ, ಮೇಲಾಗಿ ಕಬ್ಬಿಣ ಐತಿ. ಕಪ್ಪತಗುಡ್ಡದಾಗ ಕಬ್ಬಿಣದ ಅದಿರಿನ ಪದರು ಇರೋದು ನಿಮಗೆಲ್ಲ ಗೊತ್ತು. ಮೋಟಾರಿನೊಳಗ ಏನೈತಿ? ಅಯಸ್ಕಾಂತ! ಕಬ್ಬಿಣದ ಕಣವನ್ನ ಅದು ತಾನೇ ಒಳಗ ಎಳ್ಕೊಂಡು ಹಿಡ್ಕೋತದ.

ನಂಬಿಕಿ ಬರಲಿಲ್ಲಂದ್ರ ಹಳೇ ಸ್ಪೀಕರಿನ ಅಯಸ್ಕಾಂತಕ್ಕ ಒಂದು ಕಾಗದ ಸುತ್ತಿ, ಮಸಾರಿ ಮಣ್ಣಿನಾಗ ಆಡಿಸಿ ತಗೀರಿ. ಕಪ್ಪು ಮೀಸಿ ಹಂಗ ಅಂಟ್ಕೊಂಡಿರ್ತದ. ನಾನು ಡಂಬಳ ರಸ್ತೆ ಬದಿ ಮಣ್ಣಿನಾಗ ಮಾಡಿ ನೋಡೀನಿ. ಮೋಟಾರಿನಾಗ ತಿರುಗೋ ಭಾಗಕ್ಕೂ ಅಯಸ್ಕಾಂತಕ್ಕೂ ನಡುವಿನ ಸಂದು ಒಂದು ಮಿಲಿಮೀಟರೂ ಇರಂಗಿಲ್ಲ. ಅಲ್ಲಿ ಈ ಮೀಸಿ ಬೆಳೆದ್ರ ಮುಗೀತು, ತಿರುಗೋದಕ್ಕ ಜಾಸ್ತಿ ಕರೆಂಟ್ ಎಳೀತದ, ಕಾಯ್ತದ, ಸುಡ್ತದ.

ಪರಿಹಾರಕ್ಕ ಬೆಟಗೇರಿಯಾಗ ಮೋಟಾರು ರಿವೈಂಡಿಂಗ್ ಮಾಡೋ ಒಬ್ಬ ಹಿರಿಯರ ಹತ್ರ ಹೋದ್ವಿ. ಮಗ್ಗದ ಮೋಟಾರಿಗೆ ಹತ್ತಿ ಜುಂಜು ಅಡರಿ ಸುಡೋದನ್ನ ಅವರು ಜೀವಮಾನ ಪೂರ್ತಿ ನೋಡ್ಯಾರ. ಕಾರಿನ ಮೋಟಾರು ಕೈಯಾಗ ಹಿಡಿದು ಮೊದಲನೇ ಮಾತು ಹೇಳಿದ್ದು: "ತಮ್ಮಾ, ಪೂರಾ ಮುಚ್ಚಬ್ಯಾಡ." ಟೇಪ್ ಸುತ್ತಿ ಕಿಂಡಿ ಬಂದ್ ಮಾಡಿದ್ರ ಧೂಳು ನಿಲ್ತದ, ಆದ್ರ ಕಾವು ಹೊರಗ ಹೋಗಂಗಿಲ್ಲ. ಧೂಳಿನಿಂದ ಎಂಟು ದಿನಕ್ಕ ಸುಡೋದು ಟೇಪಿನಿಂದ ಒಂದೇ ದಿನಕ್ಕ ಸುಡ್ತದ.

ಅದಕ್ಕ ಹೆಣ್ಮಕ್ಕಳು ಹಾಕ್ಕೊಳ್ಳೋ ತೆಳು ನೈಲಾನ್ ಕಾಲುಚೀಲ. 60 ರೂಪಾಯಿ ಜೋಡಿಯಾಗ ನಾಲ್ಕು ಮೋಟಾರಿಗೆ ಆಗ್ತದ. ಒಂದೇ ಪದರು, ಬಿಗಿಯಾಗಿ ಎಳೆದು, ಎರಡೂ ಕಡೆ ಸಣ್ಣ ಜಿಪ್ ಟೈ. ಶಾಫ್ಟಿಗೆ, ಪಿನಿಯನ್ ಗೇರಿಗೆ ತಾಗಬಾರದು. ಎರಿ ಮಣ್ಣಿನ ಹಿಟ್ಟನ್ನ ಇದು ಪೂರ್ತಿ ತಡೀತದ ಅಂತ ನಾನು ಹೇಳಂಗಿಲ್ಲ, ಅದು ಸೋಸಿ ಬರ್ತದ. ಉಸುಕು, ಕಬ್ಬಿಣದ ದಪ್ಪ ಕಣ ನಿಲ್ತಾವ, ಹಾಳು ಮಾಡೋದು ಹೆಚ್ಚಾಗಿ ಅವು. ನಾಲ್ಕೈದು ಆಟಕ್ಕೊಮ್ಮೆ ಬಣ್ಣ ಹಚ್ಚೋ ಬ್ರಷ್‌ನಿಂದ ಚೀಲ ಝಾಡಿಸಬೇಕು. ಇಲ್ಲಾಂದ್ರ ಚೀಲನ ಕಟ್ಟಿಕೊಂಡು ಟೇಪಿನ ಕೆಲಸ ಮಾಡ್ತದ.

ಪಂಕ್ಚರ್ ಅಂಗಡಿಯಾಗ ಕಂಪ್ರೆಸರ್ ಗಾಳಿ ಹೊಡಿಸೋರು ಭಾಳ ಜನ. ಹತ್ತಿರದಿಂದ ಜೋರಾಗಿ ಹೊಡೆದ್ರ ಧೂಳು ಹೊರಗ ಬರೋದರ ಬದಲಿ ಬೇರಿಂಗ್ ಒಳಗ ಹೋಗ್ತದ. ಹೊಡೀಲೇಬೇಕಂದ್ರ ದೂರದಿಂದ, ಶಾಫ್ಟ್ ಕೈಲೆ ಹಿಡ್ಕೊಂಡು.

ಎಣ್ಣಿ ವಿಷಯದಾಗ ಹಿರಿಯರು ಸಿಟ್ಟಾದ್ರು. ಕೊಬ್ಬರಿ ಎಣ್ಣಿ ಹಾಕ್ತಾರಂತ ಜನ! ಅದು ಜಿಗಟಾಗಿ ಧೂಳು ಹಿಡೀತದ. ಹೊಲಿಗೆ ಮಿಷನ್ ಎಣ್ಣಿ, ಸೂಜಿ ತುದಿಯಿಂದ ಒಂದು ಹನಿ, ಎರಡೂ ತುದಿ ಬುಷ್‌ಗೆ ಮಾತ್ರ. ಉಳಿದದ್ದು ಬಟ್ಟಿಲೆ ಒರೆಸಬೇಕು. ಕಾರ್ಬನ್ ಬ್ರಷ್ ಉಜ್ಜೋ ತಾಮ್ರದ ಜಾಗಕ್ಕ ಎಣ್ಣಿ ಬಿದ್ರ ಕಾರ್ಬನ್ ಪುಡಿ ಕೂಡಿ ಕೆಸರಾಗಿ ಕಿಡಿ ಹಾರ್ತಾವ.

ಬ್ರಷ್‌ಲೆಸ್ ಮೋಟಾರು ಹಾಕಿದ್ರ ಹೆಂಗ ಅಂತ ಕೇಳ್ತೀರಿ. ಮುಚ್ಚಿದ ಡಬ್ಬಿ ನಮೂನಿದು ಧೂಳಿಗೆ ಒಳ್ಳೇದು, ಬೇರಿಂಗ್ ಅಷ್ಟೇ ನೋಡ್ಕೋಬೇಕು. ಆದ್ರ ಸ್ಪೀಡ್ ಕಂಟ್ರೋಲರೂ ಬದಲಿಸಬೇಕು. ಆರು ಕಾರಿಗೆ ಒಂದೇ ಸಲ ಸಾಲ ತಗದು ಹಾಕೋದು ನನ್ನ ಲೆಕ್ಕದಾಗ ಬ್ಯಾಡ. ಸುಟ್ಟಾಗೊಂದು ಸುಟ್ಟಾಗೊಂದು ಬದಲಿಸ್ರಿ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ಧೂಳು ಹಿಡಿದ ಮೋಟಾರು ಜಾಸ್ತಿ ಕರೆಂಟ್ ಎಳೆದಾಗ ಲಿಪೊ ಬ್ಯಾಟರಿನೂ ಕಾಯ್ತದ. ಉಬ್ಬಿದ ಬ್ಯಾಟರಿ ಚಾರ್ಜಿಗೆ ಹಾಕಿದ್ರ ಬೆಂಕಿ ಹತ್ತಬಹುದು. ನಮ್ಮ ಹುಡುಗ ಟಾರ್ಪಾಲಿನ ಕೆಳಗ, ತಂಗಿ ಮಲಗೋ ಚಾಪಿ ಪಕ್ಕ ಚಾರ್ಜ್ ಮಾಡ್ತಿದ್ದ. ಈಗ ಉಸುಕು ತುಂಬಿದ ಮಣ್ಣಿನ ಗಡಿಗಿಯೊಳಗ, ಬಯಲಾಗ, ಕಣ್ಣೆದುರಿಗೆ ಮಾಡ್ತಾನ. ಐದು ನಿಮಿಷ ಓಡಿಸಿದ ಮೇಲೆ ಮೋಟಾರಿನ ಮ್ಯಾಲೆ ಬೆರಳಿಟ್ಟು ಮೂರು ಎಣಿಸಾಕ ಆಗಲಿಲ್ಲಂದ್ರ ಆ ಕಾರು ಮುಂದಿನ ಆಟಕ್ಕಿಲ್ಲ. ಮಗು ಅಳಲಿ, ಬ್ಯಾರೆ ಕಾರು ಕೊಡ್ರಿ.

ಈ ಸಲ ಮುಂಡರಗಿಯಾಗ ಆತಂದು ಒಂದೇ ಮೋಟಾರು ಹೋತು. ಈಗ ಒಂದು ನೋಟ್‌ಬುಕ್ ಇಟ್ಟಾನ, ಯಾವ ಕಾರಿಗೆ ಯಾವತ್ತು ಎಣ್ಣಿ, ಯಾವತ್ತು ಚೀಲ ಅಂತ ಬರೀತಾನ. ನಿಮ್ಮೂರಾಗ ಬ್ಯಾರೆ ಉಪಾಯ ಇದ್ರ ವಾಯ್ಸ್ ನೋಟ್ ಕಳಸ್ರಿ, ಮುಂದಿನ ಕಂತಿನಾಗ ಕೇಳಿಸ್ತೀನಿ.