ಗಾಡಿಯ ಹಳದಿ ದೀಪ ಏನು ಹೇಳುತ್ತೆ?

(ಕಲಿಕಾ ಕೇಂದ್ರದಲ್ಲಿ ಮಾಡಿದ ಭಾಷಣ)

ನಮ್ಮ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳಿವೆ. ಅವರಲ್ಲಿ ಗಾಡಿ ಓಡಿಸುವವರೂ ಇದ್ದಾರೆ. ದ್ರಾಕ್ಷಿ ದಿಂಡಿಗಲ್ಲಿಗೆ ಹೋಗಬೇಕು. ಏಲಕ್ಕಿ ತೋಟದ ಕೂಲಿಯವರು ಕುಮಿಳಿ, ಬೋಡಿಮೆಟ್ಟು ಘಟ್ಟ ಹತ್ತಬೇಕು. ಗಾಡಿ ಒಂದು ದಿನ ನಿಂತರೆ ಆ ದಿನದ ಸಂಪಾದನೆ ಹೋಯಿತು. ಆದ್ದರಿಂದ ಇವತ್ತು ಗಾಡಿಯ ದೀಪ ಓದುವುದನ್ನು ಕಲಿಯೋಣ.

ಮೊದಲು ಬಣ್ಣ ನೋಡಿ

ಎಣ್ಣೆ ಅಥವಾ ಬಿಸಿಯ ಕೆಂಪು ದೀಪ ಹತ್ತಿದರೆ ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಜಿನ್ ನಿಲ್ಲಿಸಿ. ಇಂಜಿನ್ ಆಕಾರದ ಹಳದಿ ದೀಪ ಬೇರೆ. ಕೀ ತಿರುಗಿಸಿದಾಗ ಅದು ಹತ್ತುತ್ತೆ, ಸ್ಟಾರ್ಟ್ ಆದ ಮೇಲೆ ಆರಬೇಕು. ಆರದೆ ನಿಂತರೆ ಗಾಡಿಯ ಕಂಪ್ಯೂಟರಿಗೆ ಏನೋ ದೋಷ ಕಂಡಿದೆ. ಬೇಗ ತೋರಿಸಿ. ಪೆಟ್ರೋಲ್ ಗಾಡಿಯಲ್ಲಿ ಅದು ಮಿನುಗುತ್ತಿದ್ದರೆ ಇಂಜಿನಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಹಾಗೇ ಓಡಿಸಿದರೆ ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಸುಟ್ಟುಹೋಗಬಹುದು. ಅದರ ಬೆಲೆ ಬಹಳ.

ಕೋಡ್ ಓದುವುದು ಹೇಗೆ?

2020ರ ಏಪ್ರಿಲ್ 1ರಿಂದ ನಮ್ಮ ದೇಶದ ಹೊಸ ಗಾಡಿಗಳಿಗೆ ಬಿ.ಎಸ್.-6 ನಿಯಮ ಬಂತು. ಇಂಥ ಗಾಡಿಗಳು ತಮ್ಮ ದೋಷವನ್ನು ತಾವೇ ಗುರುತಿಸುತ್ತವೆ. ಕಾರು, ಪಿಕಪ್ ಗಾಡಿಗಳಲ್ಲಿ ಸ್ಟಿಯರಿಂಗ್ ಕೆಳಗೆ 16 ಪಿನ್ನಿನ ಸಾಕೆಟ್ ಇರುತ್ತೆ. ಅದಕ್ಕೆ ಸ್ಕ್ಯಾನರ್ ಹಾಕಿದರೆ ಒಂದು ಇಂಗ್ಲಿಷ್ ಅಕ್ಷರ, ನಾಲ್ಕು ಅಂಕಿ ಬರುತ್ತವೆ. ತೀರ ಹಳೆಯ ಜೀಪುಗಳಲ್ಲಿ ಈ ಸೌಲಭ್ಯ ಇಲ್ಲ.

ಪಿ ಅಂದರೆ ಇಂಜಿನ್, ಗೇರ್. ಸಿ ಅಂದರೆ ಬ್ರೇಕ್, ಸ್ಟಿಯರಿಂಗ್ ಭಾಗ. ಬಿ ಅಂದರೆ ಬಾಡಿ. ಯು ಅಂದರೆ ಕಂಪ್ಯೂಟರುಗಳ ನಡುವಿನ ಸಂಪರ್ಕ. ಪಿ ಆದ ಮೇಲೆ 0 ಬಂದರೆ ಎಲ್ಲ ಕಂಪನಿಗೂ ಒಂದೇ ಅರ್ಥ. 1 ಬಂದರೆ ಅದು ಆ ಕಂಪನಿಯ ಸ್ವಂತ ಕೋಡ್.

ಕೋಡ್ ಹೇಳಿದ ಜಾಗ ಹುಡುಕಿ

ಹೊಟ್ಟೆ ನೋವು ಅಂದ ಕೂಡಲೇ ಡಾಕ್ಟರು ಹೊಟ್ಟೆ ಕೊಯ್ಯುತ್ತಾರಾ? ಇಲ್ಲ, ಪರೀಕ್ಷೆ ಮಾಡುತ್ತಾರೆ. ಕೋಡೂ ಹಾಗೇ. ಪಿ 0118 ಬಂತು ಅನ್ನಿ. ಇಂಜಿನ್ ನೀರಿನ ಬಿಸಿ ಅಳೆಯುವ ಸೆನ್ಸರ್ ಕಡೆಯ ಕರೆಂಟಿನ ದಾರಿಯಲ್ಲಿ ವೋಲ್ಟೇಜ್ ಜಾಸ್ತಿ ಅಂತ ಅರ್ಥ. ಸೆನ್ಸರೇ ಕೆಟ್ಟಿರಬಹುದು. ವೈರು ತುಂಡಾಗಿರಬಹುದು, ಇಲಿ ಕಡಿದಿರಬಹುದು, ಕನೆಕ್ಟರ್ ಸಡಿಲವಾಗಿರಬಹುದು. ಮೊದಲು ಕನೆಕ್ಟರ್, ಆಮೇಲೆ ವೈರು, ಆಮೇಲೆ ಮೀಟರ್ ಹಿಡಿದು ಸೆನ್ಸರ್ ನೋಡಬೇಕು. ಕೊನೆಗೆ ಬೇಕಾದರೆ ಹೊಸದು ಹಾಕಬೇಕು. ಕೋಡ್ ನೋಡಿದ ತಕ್ಷಣ ಸಾಮಾನು ಬದಲಿಸಿದರೆ ದುಡ್ಡು ಹೋಗುತ್ತೆ, ದೋಷ ಉಳಿಯುತ್ತೆ.

ಇನ್ನೊಂದು ಅಪಾಯ ಕೇಳಿ. ಈ ದೋಷ ಇದ್ದಾಗ ಕಂಪ್ಯೂಟರು ಇಂಜಿನ್ ತಣ್ಣಗಿದೆ ಅಂತ ತಿಳಿಯಬಹುದು. ಲೋಯರ್ ಕ್ಯಾಂಪಿನಿಂದ ಕುಮಿಳಿಗೆ ಭಾರ ಹೊತ್ತು ಏರುವಾಗ ಇಂಜಿನ್ ಕುದಿಯುತ್ತಿದ್ದರೂ ಕೆಲವು ಗಾಡಿಗಳ ಬಿಸಿ ಮುಳ್ಳು ಮೇಲೇಳುವುದಿಲ್ಲ. ಆದ್ದರಿಂದ ಇದನ್ನು ಸರಿ ಮಾಡಿಸಿಯೇ ಘಟ್ಟ ಹತ್ತಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಕುದಿನೀರು ಮುಖಕ್ಕೆ ಚಿಮ್ಮುತ್ತೆ.

ಅಳಿಸುವ ಮೊದಲು ಬರೆದುಕೊಳ್ಳಿ

ಸ್ಕ್ಯಾನರಿನಿಂದ ಕೋಡ್ ಅಳಿಸಿದರೆ ದೀಪ ಆರುತ್ತೆ. ಅದು ರಿಪೇರಿ ಅಲ್ಲ. ದೋಷ ಇದ್ದರೆ ದೀಪ ಮತ್ತೆ ಬರುತ್ತೆ. ದೋಷ ಬಂದಾಗಿನ ವೇಗ, ಬಿಸಿ ಇವುಗಳ ಲೆಕ್ಕವೂ ಕೋಡಿನ ಜೊತೆ ಅಳಿಸಿಹೋಗುತ್ತೆ. ಮೆಕ್ಯಾನಿಕ್‌ಗೆ ಅದೇ ಮುಖ್ಯ ಸುಳಿವು.

ಗಾಡಿಯಲ್ಲಿ ಒಂದು ನೋಟ್ ಪುಸ್ತಕ ಇಡಿ. ತಾರೀಕು, ಕೋಡ್, ಓಡಿದ ಕಿಲೋಮೀಟರ್, ಮಾಡಿಸಿದ ಕೆಲಸ ಬರೆಯಿರಿ. "ಯಾವ ಕೋಡ್ ಬಂತು? ಏನು ಪರೀಕ್ಷೆ ಮಾಡಿದಿರಿ? ಹಳೆ ಸಾಮಾನು ಕೊಡಿ" ಅಂತ ಮರ್ಯಾದೆಯಿಂದ ಕೇಳಿ. ಓದು ಬರಹ ಬಂದವರನ್ನು ಮೋಸ ಮಾಡುವುದು ಕಷ್ಟ.

ಅಭ್ಯಾಸ: ಪಿ 0301, ಸಿ 0035, ಯು 0100. ಇವನ್ನು ಗಟ್ಟಿಯಾಗಿ ಓದಿ. ಗಾಡಿಯ ಯಾವ ಭಾಗದವು ಅಂತ ಎದುರಿಗೆ ಬರೆಯಿರಿ.